ಅಷ್ಟಾವರಣದ ಮನೆಗೆ ಬಂದೂಕೇಕೆ?



ಮಹಾನುಭಾವರಾದ ಬಸವಣ್ಣನವರು ಏಳು ನಿಷೇಧಗಳನ್ನು ಒಂದರ ಹಿಂದೊಂದರಂತೆ ಹೇಳಿರುವ ವಚನವು ನಮ್ಮ ಮನೆಗಳ ಎಳೆಯ ಮಕ್ಕಳಿಗೂ ಬಾಯಿಪಾಠವಾಗಿದೆ. ಅದನ್ನು ಇಲ್ಲಿ ಮತ್ತೆ ಬರೆದು ತೋರಿಸುವ ಅಗತ್ಯವಿಲ್ಲ. ಆದರೆ ಬಾಯಿಪಾಠವಾದುದರ ಕ್ರಮವನ್ನು ನಾವು ಗಮನಿಸುವುದು ಅಪರೂಪ. ಆ ವಚನದಲ್ಲಿ ಕಳವಿನ ನಿಷೇಧ ಮೊದಲನೆಯದು. ಕೊಲೆಯ ನಿಷೇಧ ಎರಡನೆಯದು. ಮುನಿಸಿನ ನಿಷೇಧ ನಾಲ್ಕನೆಯದು. ಕಳ್ಳನೊಬ್ಬನು ಮೊದಲನೆಯದನ್ನು ಮುರಿದು ನಮ್ಮ ಹೊಸ್ತಿಲನ್ನು ದಾಟಿದನೆಂದರೆ, ಎರಡನೆಯದನ್ನು ಮುರಿಯುವ ಅಧಿಕಾರ ಮನೆಯ ಯಜಮಾನನಿಗೆ ತಾನಾಗಿಯೇ ಪ್ರಾಪ್ತವಾಗುವುದೇ? ಅಂಥ ಗಳಿಗೆ ಬರಬಹುದೆಂದು ಊಹಿಸಿ ಮುಂಚಿತವಾಗಿಯೇ ಬಂದೂಕನ್ನು ಕೊಂಡು ಕಪಾಟಿನಲ್ಲಿ ಇರಿಸಿಕೊಳ್ಳುವುದು ಲಿಂಗಧಾರಿಗೆ ಸಲ್ಲುವುದೇ? ಇದು ಇಂದಿನ ಚಿಂತನೆಯ ವಿಷಯ.

ಈ ಪ್ರಶ್ನೆ ಆಕಾಶದಿಂದ ಬಿದ್ದುದಲ್ಲ. ಮಲೆನಾಡಿನ ತೋಟದ ಮನೆಗಳಲ್ಲಿ ಮಕ್ಕಳು ಊರು ಬಿಟ್ಟ ಮೇಲೆ ವೃದ್ಧ ದಂಪತಿಗಳಿಬ್ಬರೇ ಉಳಿದಿದ್ದಾರೆ. ಅಡಿಕೆ, ಮೆಣಸು, ಕಾಫಿಗಳ ಬೆಲೆ ಏರಿದ ವರ್ಷ ಅವರಿಗೆ ನಿದ್ರೆ ಬರುವುದಿಲ್ಲ. ಊರು ಬಿಟ್ಟ ಆ ಮಕ್ಕಳಲ್ಲಿ ಕೆಲವರು ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿ ನೆರೆಯವರ ಮನೆಯಲ್ಲೆಲ್ಲ ಇದೆ, ನಮಗೇಕಿರಬಾರದು ಎಂದು ಅವರು ಕೇಳುತ್ತಾರೆ. ಈ ಇಬ್ಬರ ಭಯವೂ ನಿಜವಾದ ಭಯ. ಅದನ್ನು ಹಗುರವಾಗಿ ಕಾಣುವವರು ಒಂದು ಇರುಳು ಅಂಥ ತೋಟದ ಮನೆಯಲ್ಲಿ ಮಲಗಿ ನೋಡಬೇಕು. ಈ ಲೇಖನದ ವಾದ ಆ ಭಯಸ್ಥರ ಮೇಲಲ್ಲ. ಭಯಕ್ಕೆ ಧರ್ಮದ ಅಂಗಿ ತೊಡಿಸಿ, ಬಂದೂಕು ಹಿಡಿಯುವುದೇ ಗೃಹಸ್ಥನ ಕರ್ತವ್ಯ, ಅದುವೇ ಗಣಾಚಾರ, ಶರಣರೂ ಖಡ್ಗ ಹಿಡಿದಿದ್ದರು ಎಂದು ಸಭೆಗಳಲ್ಲಿಯೂ ಓಲೆಗಳಲ್ಲಿಯೂ ಸಾರುತ್ತಿರುವ ವಿದ್ವಾಂಸರ ಮೇಲೆ.

ಅವರು ಮೊದಲು ತೋರಿಸುವುದು ಕಾನೂನನ್ನು. ಆದ್ದರಿಂದ ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. ಭಾರತೀಯ ದಂಡಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿದ್ದ ಖಾಸಗಿ ರಕ್ಷಣೆಯ ಹಕ್ಕು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಮುಗಳಲ್ಲಿ ಮುಂದುವರಿದಿದೆ. ಹಿಂದಿನ 103ನೆಯ ಕಲಮು, ಇಂದಿನ 41ನೆಯ ಕಲಮು, ಸ್ವತ್ತಿನ ರಕ್ಷಣೆಗಾಗಿ ಪ್ರಾಣವನ್ನೇ ತೆಗೆಯಬಹುದಾದ ಸಂದರ್ಭಗಳನ್ನು ಹೇಳುತ್ತದೆ: ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗಿನ ಕನ್ನಗಳವು, ವಾಸದ ಮನೆಗೆ ಬೆಂಕಿಯಿಡುವುದು, ಮತ್ತು ಪ್ರಾಣಕ್ಕೆ ಅಥವಾ ದೇಹಕ್ಕೆ ತೀವ್ರ ಅಪಾಯವಿದೆಯೆಂಬ ಸಕಾರಣವಾದ ಭಯ ಹುಟ್ಟಿಸುವ ಕಳವು ಅಥವಾ ಗೃಹಾತಿಕ್ರಮಣ. ಬರಿಯ ಕಳ್ಳತನಕ್ಕೆ ಈ ಅನುಮತಿ ಇಲ್ಲ. ಅಷ್ಟೇ ಅಲ್ಲ, 37ನೆಯ ಕಲಮು ಈ ಹಕ್ಕಿಗೆ ಬೇಲಿ ಹಾಕಿದೆ. ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು. ಸರ್ಕಾರದ ರಕ್ಷಣೆಯನ್ನು ಕೋರಲು ಸಮಯವಿದ್ದಾಗ ಈ ಹಕ್ಕೇ ಇಲ್ಲ.

ಕಾನೂನು ಕೆಲವೆಡೆ ಅನುಮತಿಸಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಅನುಮತಿಯೆಂಬುದು ವಿಧಿಯಲ್ಲ. ಕೊಂದವನನ್ನು ಸೆರೆಮನೆಗೆ ಕಳಿಸುವುದಿಲ್ಲ ಎಂದು ಹೇಳುವುದರಲ್ಲಿಯೇ ಕಾನೂನಿನ ಕೆಲಸ ಮುಗಿಯಿತು. ಕೊಂದ ಕೈಯಿಂದಲೇ ಮರುದಿನ ಪ್ರಾತಃಕಾಲ ಕರಸ್ಥಲಕ್ಕೆ ಇಷ್ಟಲಿಂಗವನ್ನು ತಂದು ಕುಳಿತವನ ಮನಸ್ಸಿನ ಗತಿಯೇನು ಎಂಬುದನ್ನು ಯಾವ ಸಂಹಿತೆಯೂ ಕೇಳುವುದಿಲ್ಲ. ಮದ್ಯವನ್ನು ಮಾರಲು ಕೂಡ ಕಾನೂನು ಪರವಾನಗಿ ಕೊಡುತ್ತದೆ. ಅದನ್ನು ಯಾರಾದರೂ ಸದಾಚಾರವೆಂದರೇ?

ಇನ್ನು ಪರವಾನಗಿಯ ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಇಪ್ಪತ್ತೊಂದು ವರ್ಷ ತುಂಬಿದವನು ಅರ್ಜಿ ಹಾಕಬಹುದು. ರಕ್ಷಣೆಗೆಂದು ನಳಿಗೆ ಇಪ್ಪತ್ತು ಅಂಗುಲಕ್ಕಿಂತ ಕಡಿಮೆಯಿಲ್ಲದ ನಯನಳಿಗೆಯ ಬಂದೂಕು, ಬೆಳೆಯ ರಕ್ಷಣೆಗೆಂದು ಮುಂದಿನಿಂದ ಮದ್ದು ತುಂಬುವ ಕೋವಿ ಎಂದು ಕಾಯಿದೆಯೇ ಬೇರೆ ಬೇರೆಯಾಗಿ ಹೇಳಿದೆ. ಒಬ್ಬನು ಮೂರು ಆಯುಧಗಳನ್ನು ಇಟ್ಟುಕೊಳ್ಳಬಹುದಾಗಿದ್ದುದನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಪರವಾನಗಿಯ ಅವಧಿಯನ್ನು ಮಾತ್ರ ಮೂರು ವರ್ಷದಿಂದ ಐದಕ್ಕೆ ಏರಿಸಿತು. ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಪ್ರಾಣಕ್ಕೆ ಅಪಾಯ ತರುವವರಿಗೆ ಎರಡು ವರ್ಷದವರೆಗಿನ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗಿನ ದಂಡ, ಅಥವಾ ಎರಡೂ, ಎಂಬ ಕಲಮನ್ನು ಅದೇ ತಿದ್ದುಪಡಿ ಸೇರಿಸಿತು. ರಕ್ಷಣೆಗೆಂದು ಪಡೆದ ಆಯುಧ ಮದುವೆಯ ಚಪ್ಪರದಲ್ಲಿ ಮೊಳಗುವುದು ಎಷ್ಟು ಸಾಮಾನ್ಯವಾಗಿದ್ದರೆ ಸಂಸತ್ತು ಅದಕ್ಕೊಂದು ಪ್ರತ್ಯೇಕ ಕಲಮನ್ನು ಬರೆಯಬೇಕಾಯಿತು ಎಂಬುದನ್ನು ಓದುಗರೇ ಊಹಿಸಲಿ. ಕಳ್ಳನಿಗೆಂದು ತಂದುದು ಕಳ್ಳನಿಗಾಗಿ ಕಾಯುತ್ತ ಕೂರುವುದಿಲ್ಲ.

ಪ್ರತಿ ಚುನಾವಣೆಯ ಕಾಲದಲ್ಲಿ ಪರವಾನಗಿ ಬಂದೂಕುಗಳಲ್ಲಿ ಬಹುಪಾಲನ್ನು ಪೊಲೀಸ್ ಠಾಣೆಗಳಲ್ಲಿ ಇರಿಸಿಕೊಳ್ಳುವರು. ವಾರಗಟ್ಟಲೆ ಆ ಮನೆಗಳಲ್ಲಿ ಕೋವಿಯಿರುವುದಿಲ್ಲ. ಬೆಳೆಗಾರರು ಪ್ರತಿ ಸಲವೂ ಇದಕ್ಕೆ ಅಸಮಾಧಾನ ವ್ಯಕ್ತಪಡಿಸುತ್ತಾರೆ. ಕಾಡುಹಂದಿಯ ಮಾತಾದರೆ ಆ ಅಸಮಾಧಾನದಲ್ಲಿ ಅರ್ಥವಿದೆ. ಆದರೆ ಬಂದೂಕಿಲ್ಲದೆ ಒಂದು ದಿನವೂ ಬಾಳಲಾಗದೆಂದು ಹೇಳುವವರೇ ಆ ವಾರಗಳಲ್ಲಿ ಬಾಗಿಲು ಭದ್ರಪಡಿಸಿಕೊಂಡು, ನಾಯಿಯನ್ನು ಬಿಚ್ಚಿ ಬಿಟ್ಟು, ನೆರೆಮನೆಯವರಿಗೆ ಹೇಳಿ ಮಲಗುತ್ತಾರಲ್ಲವೇ?

ಕೊಡಗಿನ ಮಾತನ್ನು ಇಲ್ಲಿ ಬೇರೆಯಾಗಿ ಹೇಳಬೇಕು; ಇಲ್ಲದಿದ್ದರೆ ಅನ್ಯಾಯವಾದೀತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿ ಇಂದಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯ ತಳ್ಳಿಹಾಕಿತು. ಅಲ್ಲಿ ಕೋವಿಯು ಕೈಲ್‌ಪೊಳ್ದ್ ಹಬ್ಬದಂದು ಹೂವೇರಿಸಿಕೊಳ್ಳುತ್ತದೆ. ಹುಟ್ಟಿಗೂ ಸಾವಿಗೂ ಅದರ ಸದ್ದು ಸಾಕ್ಷಿಯಾಗುತ್ತದೆ. ಅದು ಆ ಜನಾಂಗದ ಕುಲಾಚಾರ. ಅದನ್ನು ಅಳೆಯುವುದು ನಮ್ಮ ಕೆಲಸವಲ್ಲ; ಅದನ್ನು ತೋರಿಸಿ ಧಾರವಾಡದ ಬಡಾವಣೆಯೊಂದರ ಮನೆಗೆ ಪಿಸ್ತೂಲು ತರುವುದೂ ಸಲ್ಲದು.

ಇನ್ನು ಅಮೆರಿಕ. ಮನೆಯ ರಕ್ಷಣೆಗೆ ಬಂದೂಕು ಎಂಬ ವಿಚಾರವು ಅಲ್ಲಿ ಬೆಳೆದಷ್ಟು ಬೇರೆಲ್ಲಿಯೂ ಬೆಳೆದಿಲ್ಲ. ಅದರ ಬೇರು ಇಂಗ್ಲೆಂಡಿನಲ್ಲಿದೆ. 1604ರ ಸೆಮೇನ್ ಪ್ರಕರಣದಲ್ಲಿ ಅಲ್ಲಿನ ನ್ಯಾಯಾಲಯವು ಪ್ರತಿಯೊಬ್ಬನಿಗೂ ಅವನ ಮನೆಯೇ ಕೋಟೆ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಅರಸನ ಅಧಿಕಾರಿಗಳು ಮನಬಂದಂತೆ ಬಾಗಿಲು ಮುರಿಯದಂತೆ ತಡೆದ ಆ ಮಾತು ಒಳ್ಳೆಯದೇ. ಆದರೆ ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೇಲೆ ಅದು ಕೋಟೆಯ ಒಡೆಯನು ಹಿಂದೆ ಸರಿಯಬೇಕಾದುದಿಲ್ಲ, ಹೊಡೆಯಬಹುದು ಎಂಬ ಸಿದ್ಧಾಂತವಾಗಿ ಬೆಳೆಯಿತು. 2005ರಲ್ಲಿ ಫ್ಲೋರಿಡಾ ರಾಜ್ಯ ಅದನ್ನು ಮನೆಯ ಹೊರಗೂ ವಿಸ್ತರಿಸಿತು. 2008ರ ಹೆಲ್ಲರ್ ತೀರ್ಪಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐದು ನಾಲ್ಕರ ಬಹುಮತದಿಂದ, ಆತ್ಮರಕ್ಷಣೆಗಾಗಿ ಮನೆಯಲ್ಲಿ ಕೈಬಂದೂಕು ಇಟ್ಟುಕೊಳ್ಳುವುದು ಸಂವಿಧಾನದತ್ತ ಹಕ್ಕೆಂದು ಸಾರಿತು. 2022ರ ಬ್ರೂಯೆನ್ ತೀರ್ಪು ಅದನ್ನು ಬೀದಿಗೂ ತಂದಿತು. ಆ ದೇಶದಲ್ಲಿ ನಾಗರಿಕರ ಕೈಯಲ್ಲಿ ಸುಮಾರು 39 ಕೋಟಿ ಬಂದೂಕುಗಳಿವೆ, ಜನಸಂಖ್ಯೆಗಿಂತಲೂ ಹೆಚ್ಚು, ಎಂದು ಸ್ಮಾಲ್ ಆರ್ಮ್ಸ್ ಸರ್ವೇ ಸಂಸ್ಥೆ 2018ರಲ್ಲಿ ಅಂದಾಜು ಮಾಡಿತು. ಅದೇ ಲೆಕ್ಕದಲ್ಲಿ ಭಾರತದ ಪಾಲು ಸುಮಾರು 7 ಕೋಟಿ. ಅವುಗಳಲ್ಲಿ ನೋಂದಾಯಿತವಾದವು ಒಂದು ಕೋಟಿಗೂ ಕಡಿಮೆ. ನಮ್ಮಲ್ಲಿ ಕಾಣದ ಬಂದೂಕುಗಳೇ ಹೆಚ್ಚು ಎಂಬುದನ್ನು ಇಲ್ಲಿ ಒತ್ತಟ್ಟಿಗೆ ಹೇಳಿಬಿಡುತ್ತೇವೆ.

ಮನೆಯೇ ಕೋಟೆಯಾದ ಮೇಲೆ ಬಾಗಿಲಿಗೆ ಬಂದವರೆಲ್ಲ ಏನಾಗುತ್ತಾರೆ? 1992ರ ಅಕ್ಟೋಬರಿನಲ್ಲಿ ಲೂಯಿಸಿಯಾನ ರಾಜ್ಯದ ಬ್ಯಾಟನ್ ರೂಜ್ ನಗರದಲ್ಲಿ ಜಪಾನಿನಿಂದ ಓದಲು ಬಂದಿದ್ದ ಹದಿನಾರು ವರ್ಷದ ಹುಡುಗನೊಬ್ಬ ಹಬ್ಬದ ಕೂಟಕ್ಕೆಂದು ಹೊರಟು, ವಿಳಾಸ ತಪ್ಪಿ ಬೇರೊಂದು ಮನೆಯ ಬಾಗಿಲು ತಟ್ಟಿದನು. ಯಜಮಾನನು ಬಂದೂಕು ಹಿಡಿದು ನಿಲ್ಲೆಂದು ಕೂಗಿದನು. ಆ ಆಂಗ್ಲ ಪದ ಹುಡುಗನಿಗೆ ಅರ್ಥವಾಗಿರಲಾರದು. ಒಂದೇ ಗುಂಡಿಗೆ ಅವನ ಪ್ರಾಣ ಹೋಯಿತು. ಮರುವರ್ಷ ನ್ಯಾಯದರ್ಶಿ ಮಂಡಳಿ ಯಜಮಾನನನ್ನು ನಿರ್ದೋಷಿಯೆಂದಿತು. 1994ರಲ್ಲಿ ದಿವಾಣಿ ನ್ಯಾಯಾಲಯ ಮಾತ್ರ ಅವನೇ ಹೊಣೆಯೆಂದು ಹೇಳಿ ಆರೂವರೆ ಲಕ್ಷ ಡಾಲರು ಪರಿಹಾರ ವಿಧಿಸಿತು. ಮೂವತ್ತು ವರ್ಷ ಕಳೆದರೂ ಕಥೆ ಬದಲಾಗಲಿಲ್ಲ. 2023ರ ಏಪ್ರಿಲ್ ತಿಂಗಳ ಒಂದೇ ವಾರದಲ್ಲಿ, ತಮ್ಮಂದಿರನ್ನು ಕರೆತರಲು ಹೋಗಿ ತಪ್ಪು ಮನೆಯ ಕರೆಗಂಟೆ ಒತ್ತಿದ ಹದಿನಾರರ ಹುಡುಗನಿಗೆ ಕಾನ್ಸಾಸ್ ಸಿಟಿಯಲ್ಲಿ ಎಂಬತ್ತನಾಲ್ಕು ವರ್ಷದ ವೃದ್ಧರೊಬ್ಬರು ಗುಂಡು ಹೊಡೆದರು. ಅವನು ದೈವಕೃಪೆಯಿಂದ ಬದುಕಿದನು. ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರಲ್ಲಿ ದಾರಿ ತಪ್ಪಿ ಬೇರೊಬ್ಬರ ಅಂಗಳಕ್ಕೆ ಬಂದ ವಾಹನದಲ್ಲಿದ್ದ ಇಪ್ಪತ್ತರ ಯುವತಿ ಬದುಕಲಿಲ್ಲ. ಈ ಮೂವರಲ್ಲಿ ಒಬ್ಬರೂ ಕಳ್ಳರಲ್ಲ.

ಬಾಗಿಲಿಗೆ ಬಂದವರನ್ನು ಕ್ಷೇಮ ವಿಚಾರಿಸಿ ಕುಳ್ಳಿರಿಸದವರನ್ನು ಬಸವಣ್ಣನವರು ಎಷ್ಟು ಕಟುವಾಗಿ ಹಳಿದಿದ್ದಾರೆಂಬುದನ್ನು ಬಲ್ಲ ನಮಗೆ ಇದರ ಅರ್ಥ ಆಗಬೇಕು. ಕಲ್ಯಾಣದಲ್ಲಿ ಅವರ ಮನೆಯನ್ನು ಜನರು ಮಹಾಮನೆಯೆಂದು ಕರೆದರು, ಯಾರೂ ಕೋಟೆಯೆನ್ನಲಿಲ್ಲ. ಬಿಜ್ಜಳನ ಭಂಡಾರಿಯ ಮನೆಯಾದ್ದರಿಂದ ಅಲ್ಲಿ ಕಳವಾಗಬಹುದಾದ ವಸ್ತುಗಳಿಗೇನೂ ಕೊರತೆಯಿರಲಿಲ್ಲ. ಕಳ್ಳರು ಆಕಳುಗಳನ್ನು ಹೊಡೆದುಕೊಂಡು ಹೋದಾಗ, ತಾಯಿಯನ್ನು ಅಗಲಿ ಕರುಗಳು ನೊಂದಾವು, ಅವನ್ನೂ ಕಳುಹಿಸಿರಿ ಎಂದು ಬಸವಣ್ಣನವರು ಹೇಳಿದರೆಂಬ ಕಥೆ ಪುರಾಣಗಳಲ್ಲಿಯೂ ಭಕ್ತರ ಬಾಯಲ್ಲಿಯೂ ಉಳಿದು ಬಂದಿದೆ. ಇದನ್ನು ಕೇಳಿ ನಗುವವರಿದ್ದಾರೆ. ನಿಮ್ಮ ಮನೆಗೆ ನುಗ್ಗಿದರೆ ನೀವೂ ಹೀಗೆಯೇ ಮಾಡುವಿರಾ ಎಂದು ಕೇಳುತ್ತಾರೆ. ಎಲ್ಲರೂ ಹಾಗೆ ಮಾಡಬೇಕೆಂದು ಕಥೆ ಹೇಳುತ್ತಿಲ್ಲ. ಕಳ್ಳನು ಬಂದ ಗಳಿಗೆಯಲ್ಲಿಯೂ ಮನೆಯವನ ಕಣ್ಣಿಗೆ ಕಳ್ಳನಾಚೆ ಇನ್ನೊಂದು ಜೀವ ಕಾಣಿಸಿತು ಎಂಬುದು ಅದರ ಸ್ವಾರಸ್ಯ. ಬಂದೂಕಿನ ಗುರಿಗಣ್ಣಿನ ಮೂಲಕ ನೋಡುವವನಿಗೆ ಕಾಣಿಸದೆ ಹೋಗುವುದು ಅದುವೇ. ಕತ್ತಲಲ್ಲಿ ಅಲುಗಾಡುವುದೆಲ್ಲ ಅವನಿಗೆ ಶತ್ರುವೇ ಆಗುತ್ತದೆ.

ಕಳ್ಳನ ಮಾತು ಬಿಡಿ, ಬಂದೂಕು ಹೆಚ್ಚಾಗಿ ತಿರುಗುವುದು ಯಾರ ಕಡೆಗೆ? ಈ ವಿಷಯದಲ್ಲಿ ಅಮೆರಿಕದ ವೈದ್ಯರು ಮೂರು ದಶಕಗಳಿಂದ ಲೆಕ್ಕವಿಟ್ಟಿದ್ದಾರೆ. ಮನೆಯಲ್ಲಿ ಬಂದೂಕಿದ್ದರೆ ಆ ಮನೆಯಲ್ಲಿ ಕೊಲೆಯಾಗುವ ಅಪಾಯ 2.7 ಪಟ್ಟು ಹೆಚ್ಚು ಎಂದು ವೈದ್ಯ ಕೆಲ್ಲರ್‌ಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು. 1998ರಲ್ಲಿ ಅವರೇ ಮೂರು ನಗರಗಳ ಪ್ರಕರಣಗಳನ್ನು ಪರಿಶೀಲಿಸಿ, ಮನೆಯ ಬಂದೂಕು ಆತ್ಮರಕ್ಷಣೆಗೆ ಒಮ್ಮೆ ಹಾರಿದರೆ ಆಕಸ್ಮಿಕವಾಗಿ ನಾಲ್ಕು ಸಲ, ಹಲ್ಲೆ ಕೊಲೆಗಳಲ್ಲಿ ಏಳು ಸಲ, ಆತ್ಮಹತ್ಯೆಯ ಯತ್ನಗಳಲ್ಲಿ ಹನ್ನೊಂದು ಸಲ ಹಾರಿದೆಯೆಂದು ತೋರಿಸಿದರು. 2022ರಲ್ಲಿ ಕ್ಯಾಲಿಫೋರ್ನಿಯಾದ ದಾಖಲೆಗಳನ್ನು ಆಧರಿಸಿ ಸ್ಟಡರ್ಟ್ ಮುಂತಾದವರು ನಡೆಸಿದ ಅಧ್ಯಯನದಲ್ಲಿ, ಕೈಬಂದೂಕು ಹೊಂದಿದವರೊಡನೆ ವಾಸಿಸುವವರು ಕೊಲೆಗೀಡಾಗುವ ಪ್ರಮಾಣ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚು, ಸಂಗಾತಿಯ ಗುಂಡಿಗೇ ಬಲಿಯಾಗುವ ಪ್ರಮಾಣ ಸುಮಾರು ಏಳು ಪಟ್ಟು ಎಂದು ಕಂಡುಬಂದಿತು. ಸಂಗಾತಿಯ ಗುಂಡಿಗೆ ಹಾಗೆ ಬಲಿಯಾದವರಲ್ಲಿ ಬಹುಪಾಲು ಸ್ತ್ರೀಯರು. ಅಪರಿಚಿತರಿಂದ ಬಂದೂಕು ಕಾಪಾಡಿತೆನ್ನಲು ಅವರಿಗೆ ಆಧಾರ ಸಿಗಲಿಲ್ಲ.

ಎದುರು ಪಕ್ಷದವರೂ ಲೆಕ್ಕ ಕೊಡುತ್ತಾರೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಅಮೆರಿಕನ್ನರು ವರ್ಷಕ್ಕೆ 25 ಲಕ್ಷ ಸಲ ಬಂದೂಕಿನಿಂದ ತಮ್ಮನ್ನು ರಕ್ಷಿಸಿಕೊಳ್ಳುತ್ತಾರೆಂದು ಕ್ಲೆಕ್ ಮತ್ತು ಗರ್ಟ್ಸ್ ಎಂಬ ಅಪರಾಧಶಾಸ್ತ್ರಜ್ಞರು 1995ರಲ್ಲಿ ಅಂದಾಜಿಸಿದರು. ಅದು ಸುಮಾರು ಐದು ಸಾವಿರ ಜನರನ್ನು ದೂರವಾಣಿಯಲ್ಲಿ ಕೇಳಿ, ಬಂದ ಉತ್ತರವನ್ನು ಇಡೀ ದೇಶಕ್ಕೆ ಗುಣಿಸಿ ಪಡೆದ ಅಂಕಿ. ಸರ್ಕಾರದ ಅಪರಾಧಪೀಡಿತರ ಸಮೀಕ್ಷೆಯಿಂದ ದೊರೆತಿರುವ ಅಂದಾಜು ಒಂದು ಲಕ್ಷದ ಆಸುಪಾಸಿನಲ್ಲಿದೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ, ಬಂದೂಕು ತೋರಿಸಿ ಕಳ್ಳನನ್ನು ಓಡಿಸಿದವರು ಇದ್ದಾರೆಂಬುದು ಸತ್ಯ. ಅದೇ ಬಂದೂಕಿನಿಂದ ಸತ್ತವರ ಲೆಕ್ಕ ಮಾತ್ರ ಯಾರ ಅಂದಾಜಿಗೂ ಬಿಟ್ಟಿದ್ದಲ್ಲ, ಅವರಿಗೆ ಮರಣಪತ್ರಗಳಿವೆ. 2021ರಲ್ಲಿ ಆ ದೇಶದಲ್ಲಿ ಗುಂಡೇಟಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಅರ್ಧಕ್ಕಿಂತ ಹೆಚ್ಚು ಜನರ ವಿಷಯದಲ್ಲಿ ಮನೆಯೊಳಗೆ ನುಗ್ಗಿದ ಶತ್ರು ಯಾರೂ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮನಸ್ಸು ಕುಸಿಯುವ ಗಳಿಗೆಗಳು ಎಲ್ಲರ ಬಾಳಿನಲ್ಲಿಯೂ ಬರುತ್ತವೆ. ಸಾಲ, ಬೆಳೆನಷ್ಟ, ಪರೀಕ್ಷೆ, ಮರ್ಯಾದೆಗೇಡು ಎಂದು ಕಾರಣಗಳು ಹಲವು. ಆ ಗಳಿಗೆ ಕಳೆದುಹೋದರೆ ಬದುಕು ಉಳಿಯುತ್ತದೆ. ಬಂದೂಕಿರುವ ಮನೆಯಲ್ಲಿ ಅದು ಕಳೆದುಹೋಗಲು ಅವಕಾಶವಿರುವುದಿಲ್ಲ. ಅದರಂತೆಯೇ ಮುನಿಸು. ಏಳು ನಿಷೇಧಗಳಲ್ಲಿ ಮುನಿಸನ್ನು ಕೊಲೆಯಿಂದ ಬೇರೆಯಾಗಿಯೇ ಹೇಳಿದುದಕ್ಕೆ ಕಾರಣವಿದೆ. ಒಳಗಿನ ಮುನಿಸಿಗೆ ಹೊರಗಿನ ಕೊಲೆಯಾಗಿ ಮಾರ್ಪಡಲು ಸ್ವಲ್ಪ ದೂರ ಬೇಕು, ಸ್ವಲ್ಪ ಶ್ರಮ ಬೇಕು. ಅಣ್ಣತಮ್ಮಂದಿರು ಬದುವಿನ ವಿಷಯಕ್ಕೆ ಕೈಕೈ ಮಿಲಾಯಿಸಿದ ದಿನ ತಾಯಿ ನಡುವೆ ಬಂದು ನಿಂತರೆ ಕೈಗಳು ಕೆಳಗಿಳಿಯುತ್ತವೆ. ಕಳ್ಳನಿಗೆಂದು ತಂದ ಕೋವಿ ಆ ದಿನವೂ ಅದೇ ಕಪಾಟಿನಲ್ಲಿರುತ್ತದೆ, ಕೀಲಿಕೈ ಎಲ್ಲಿದೆಯೆಂದು ಮನೆಯವರಿಗೆಲ್ಲ ಗೊತ್ತಿರುತ್ತದೆ.

ಇನ್ನು ಶರಣರ ಹೆಸರಿನಲ್ಲಿ ಹೂಡುವ ವಾದಗಳನ್ನು ನೋಡೋಣ. ಗಣಾಚಾರವೆಂಬುದು ಪಂಚಾಚಾರಗಳಲ್ಲೊಂದು, ಶಿವನಿಂದೆಯನ್ನೂ ಶರಣರ ಮೇಲಣ ಅನ್ಯಾಯವನ್ನೂ ಸಹಿಸದೆ ನಿಲ್ಲುವುದು ಅದರ ತಿರುಳು. ಕಲ್ಯಾಣದ ವಿಪ್ಲವದಲ್ಲಿ ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾದ ಮೇಲೆ ಶರಣರು ಉಳವಿಯ ಕಡೆಗೆ ನಡೆದಾಗ, ಬೆನ್ನಟ್ಟಿದ ಸೈನ್ಯವನ್ನು ಮಡಿವಾಳ ಮಾಚಿದೇವರು ಎದುರಿಸಿದರೆಂದು ಸಂಪ್ರದಾಯ ಹೇಳುತ್ತದೆ. ಅದನ್ನು ನಾವು ನಿರಾಕರಿಸುವುದಿಲ್ಲ. ಆದರೆ ಮಾಚಿದೇವರು ಕಾಪಾಡಿದ್ದು ಏನನ್ನು? ಹೆಂಗಸರು, ಮಕ್ಕಳು, ವೃದ್ಧರನ್ನು ಒಳಗೊಂಡ ಗಣವನ್ನು, ಮತ್ತು ಹೊರೆಗಟ್ಟಲೆ ವಚನದ ಕಟ್ಟುಗಳನ್ನು. ಅವರು ತಮ್ಮ ಮನೆಯ ಪೆಟ್ಟಿಗೆಯನ್ನು ಕಾಯುತ್ತ ನಿಂತಿರಲಿಲ್ಲ. ಗಣಾಚಾರದಲ್ಲಿ ಗಣವೆಂಬ ಪದವನ್ನು ಅಳಿಸಿ ಅಲ್ಲಿ ತಿಜೋರಿಯನ್ನು ಬರೆಯುವುದು ಎಲ್ಲಿಯ ವ್ಯಾಖ್ಯಾನ? ಬಿಜ್ಜಳನ ವಧೆಯ ಪ್ರಸಂಗವನ್ನು ಎತ್ತುವವರಿಗೂ ಒಂದು ಮಾತು. ಆ ಕೊಲೆಯಿಂದ ಶರಣರಿಗೆ ದೊರೆತದ್ದು ರಕ್ಷಣೆಯಲ್ಲ, ಕಲ್ಯಾಣದಿಂದ ಶಾಶ್ವತವಾದ ನಿರ್ಗಮನ.

ಕಿತ್ತೂರಿನ ಉದಾಹರಣೆಯನ್ನೂ ಕೊಡುತ್ತಾರೆ. 1824ರ ಅಕ್ಟೋಬರ್ 23ರಂದು ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದನು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಂಪನಿ ಸರ್ಕಾರದ ಕಾಯಿದೆಗೆ ಮಣಿಯದೆ ಮುಧೋಳದ ಹತ್ತಿರದ ಹಲಗಲಿಯ ಬೇಡರು ಹೋರಾಡಿ ಪ್ರಾಣ ತೆತ್ತರು; ಅವರ ಲಾವಣಿಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. 1878ರ ಶಸ್ತ್ರಾಸ್ತ್ರ ಕಾಯಿದೆಯನ್ನು ಅಹಿಂಸಾಮೂರ್ತಿಗಳಾದ ಗಾಂಧೀಜಿಯವರೂ ಖಂಡಿಸಿದ್ದರು. ಇವೆಲ್ಲ ಸತ್ಯ. ಒಂದು ನಾಡನ್ನೇ ನಿರಾಯುಧಗೊಳಿಸಿ ಆಳುವ ಪರಕೀಯ ಪ್ರಭುತ್ವದ ವಿರುದ್ಧ ನಿಂತವರವರು. ನಾವೇ ಆರಿಸಿದ ಸರ್ಕಾರದ ಪರವಾನಗಿ ಪಡೆದು, ಹೊಟ್ಟೆಗಿಲ್ಲದೆಯೋ ದುಶ್ಚಟದಿಂದಲೋ ಕಿಟಕಿ ಮುರಿದ ನಮ್ಮದೇ ಊರಿನ ಹುಡುಗನಿಗೆ ಗುರಿಯಿಡುವವನು ಬಾಳಪ್ಪನ ಪಕ್ಕದಲ್ಲಿ ನಿಲ್ಲಲಾರನು.

ಡಾಕ್ಟರ್ ಎಂ.ಎಂ. ಕಲಬುರ್ಗಿಯವರ ಹೆಸರನ್ನು ಈ ವಾದಕ್ಕೆ ಎಳೆಯುವುದಂತೂ ಮನಸ್ಸಿಗೆ ಬಹಳ ನೋವುಂಟುಮಾಡುತ್ತದೆ. ವಚನ ಸಾಹಿತ್ಯಕ್ಕೆ ಬಾಳನ್ನು ಸವೆಸಿದ ಆ ಮಹನೀಯರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಅವರ ಮನೆಯ ಬಾಗಿಲಲ್ಲಿಯೇ ಗುಂಡಿಟ್ಟು ಕೊಂದರು. ಅವರ ಬಳಿ ಬಂದೂಕಿದ್ದಿದ್ದರೆ ಎಂದು ಕೆಲವರು ಕೇಳುತ್ತಾರೆ. ಬೆಳಗಿನ ಹೊತ್ತು ಬಾಗಿಲಿಗೆ ಬಂದ ಅಪರಿಚಿತ ತರುಣನನ್ನು ಯಾವ ಗುರುವೂ ಬಂದೂಕು ಹಿಡಿದು ಎದುರುಗೊಳ್ಳುವುದಿಲ್ಲ. ಅವರ ಮನೆಗೆ ನಿತ್ಯವೂ ಎಷ್ಟು ವಿದ್ಯಾರ್ಥಿಗಳು ಬರುತ್ತಿದ್ದರೋ ಬಲ್ಲವರು ಬಲ್ಲರು. ಅವರೆಲ್ಲರಿಗೂ ಗುರಿಯಿಡುವುದು ಹೇಗೆ? ಆ ಬಾಗಿಲು ತೆರೆದಿದ್ದುದೇ ಅವರ ಕಾಯಕವಾಗಿತ್ತು.

ಹಾಗಾದರೆ ಹೊಡೆಯಲು ಬಂದವನೆದುರು ಕೈಕಟ್ಟಿ ನಿಲ್ಲಬೇಕೆ? ಬೇಡ. ಮಗುವಿನ ಮೇಲೆರಗಿದವನ ಕೈಯನ್ನು ಹಿಡಿಯುವುದು, ಬಡಿಗೆಯಿಂದ ಹೊಡೆದು ಕೆಡಹುವುದು, ಕೂಗಿ ಊರನ್ನು ಕರೆಯುವುದು ಇವು ಯಾವುವೂ ಶರಣಧರ್ಮಕ್ಕೆ ವಿರುದ್ಧವಲ್ಲ. ಆ ಹೋರಾಟದಲ್ಲಿ ಎದುರಾಳಿಯ ಪ್ರಾಣವೇ ಹೋದರೂ, ಅದು ಆ ಕ್ಷಣ ತಂದೊಡ್ಡಿದ ಸಂಕಟ. ಅವನಿಗಾಗಿ ಅಳಬಹುದು, ಪ್ರಾರ್ಥಿಸಬಹುದು. ಬಂದೂಕಿನ ವಿಷಯ ಹಾಗಲ್ಲ. ಅದನ್ನು ಕೊಳ್ಳುವುದು ಶಾಂತವಾದ ಮನಸ್ಸಿನಿಂದ, ಹಗಲು ಹೊತ್ತಿನಲ್ಲಿ, ಅರ್ಜಿ ತುಂಬಿ, ಹಣ ಎಣಿಸಿ. ಹೆದರಿಸಲಷ್ಟೇ ತಂದೆನೆಂದು ಹೇಳುವವರು ಅದನ್ನು ಕಲಿಸುವವರ ಮಾತನ್ನೇ ಕೇಳಲಿ. ಹಾರಿಸಲು ಸಿದ್ಧನಿಲ್ಲದವನು ಯಾರ ಕಡೆಗೂ ನಳಿಗೆಯನ್ನು ತಿರುಗಿಸಬಾರದೆಂಬುದು ಅವರು ಹೇಳಿಕೊಡುವ ಮೊದಲ ಪಾಠಗಳಲ್ಲೊಂದು. ಆದ್ದರಿಂದ ರಕ್ಷಣೆಗೆಂದು ಬಂದೂಕು ತಂದವನು, ಮುಖ ಕಾಣದ, ಹೆಸರು ತಿಳಿಯದ ಒಬ್ಬನನ್ನು ಕೊಲ್ಲುವೆನೆಂಬ ಸಂಕಲ್ಪವನ್ನು ಅಂದೇ ಮಾಡಿದ್ದಾನೆ. ಪೊಲೀಸರೂ ಯೋಧರೂ ಆಯುಧ ಹಿಡಿಯುವುದಿಲ್ಲವೇ ಎಂದರೆ, ಅದು ಅವರ ಕಾಯಕ. ಅವರಿಗೆ ತರಬೇತಿಯಿದೆ, ಮೇಲೆ ಆಜ್ಞೆ ಕೊಡುವವರಿದ್ದಾರೆ, ಹಾರಿಸಿದ ಪ್ರತಿಯೊಂದು ಗುಂಡಿಗೂ ಲೆಕ್ಕ ಕೊಡಬೇಕು. ನಿದ್ದೆಗಣ್ಣಿನಲ್ಲೆದ್ದು ನಡುಗುವ ಬೆರಳಿನಿಂದ ಒತ್ತುವ ಯಜಮಾನನಿಗೆ ಇವೊಂದೂ ಇಲ್ಲ.

ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದಗಳನ್ನು ಹಿರಿಯರು ಆವರಣಗಳೆಂದು ಕರೆದರು. ಆವರಣವೆಂದರೆ ಸುತ್ತುವರಿದು ಕಾಯುವುದು. ಮಹಾನವಮಿಯ ದಿನ ಆಯುಧಪೂಜೆಯೆಂದು ನೇಗಿಲು, ಕೊಡಲಿ, ತಕ್ಕಡಿಗಳ ಜೊತೆಗೆ ಪಿಸ್ತೂಲನ್ನೂ ಇಟ್ಟು ವಿಭೂತಿ ಧರಿಸುವವರನ್ನು ನೋಡಿದರೆ, ಈ ಎಂಟು ಸಾಲದೆಂದು ಒಂಬತ್ತನೆಯ ಆವರಣವನ್ನು ಅಂಗಡಿಯಿಂದ ತಂದರೇ ಎಂದು ಕೇಳಬೇಕೆನಿಸುತ್ತದೆ. ನೇಗಿಲು ಕಾಯಕದ ಉಪಕರಣ, ತಕ್ಕಡಿಯೂ ಅಷ್ಟೇ. ಪಿಸ್ತೂಲು ಯಾವ ಕಾಯಕದ್ದು?

ಬಂದೂಕು ಬೇಕೆನ್ನಿಸುವಷ್ಟು ಸಂಪತ್ತು ಮನೆಯಲ್ಲೇಕೆ ಸೇರಿತು ಎಂಬ ಪ್ರಶ್ನೆಯೂ ಇದೆ. ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಆಯ್ದಕ್ಕಿ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಕಳುಹಿಸಿದರು. ಲಕ್ಕಮ್ಮನವರ ಗುಡಿಸಲಿಗೆ ಕಾವಲು ಬೇಕಿರಲಿಲ್ಲ. ಇಂದಿನ ಸಂಸಾರಿಗಳು ಅಷ್ಟು ದೂರ ಹೋಗಲಾರರು, ಸರಿ. ಚಿನ್ನವನ್ನು ಬ್ಯಾಂಕಿನ ಲಾಕರಿನಲ್ಲಿರಿಸಿ, ಮಾರಿದ ಬೆಳೆಯ ಹಣವನ್ನು ಖಾತೆಗೆ ಹಾಕಿಸಿಕೊಳ್ಳುವುದು ಯಾರಿಗೂ ಕಷ್ಟವಲ್ಲ. ವೃದ್ಧರಿಬ್ಬರೇ ಇರುವ ತೋಟದ ಮನೆಗೆ ಅಂಗಳದ ದೀಪ, ನಾಯಿ, ಗಟ್ಟಿಯಾದ ಬಾಗಿಲು, 112ರ ಸಂಖ್ಯೆ ಇವು ಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ ಕರೆದರೆ ಓಡಿಬರುವ ನೆರೆಯವರು ಬೇಕು. ಎರಡು ಪೀಳಿಗೆಗಳಿಂದ ಮಾತು ಬಿಟ್ಟ ನೆರೆಮನೆಯವರೊಡನೆ ಮಾತು ಆರಂಭಿಸುವುದು ಪರವಾನಗಿ ಪಡೆಯುವುದಕ್ಕಿಂತ ಕಷ್ಟವೆಂಬುದನ್ನು ಬಲ್ಲೆವು. ಗ್ರಾಮದ ಮಠಗಳೂ ಬಸವ ಕೇಂದ್ರಗಳೂ ಒಂಟಿ ಮನೆಗಳ ಪಟ್ಟಿಯಿಟ್ಟುಕೊಂಡು, ವಾರಕ್ಕೊಮ್ಮೆಯಾದರೂ ತರುಣರು ಹೋಗಿ ಬರುವಂತೆ ಮಾಡಿದರೆ ಅದು ದಾಸೋಹವೇ ಆದೀತು.

ಈಗಾಗಲೇ ಬಂದೂಕು ಇರುವವರ ಮಾತು ಉಳಿಯಿತು. ತಂದೆಯ ಕಾಲದ ಕೋವಿ ಹೊಲಮನೆಗಳ ಜೊತೆಗೆ ಮಕ್ಕಳಿಗೆ ಬರುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಪರವಾನಗಿದಾರನು ತೀರಿಕೊಂಡ ಮೇಲೆ, ಅಥವಾ ಅವನಿಗೆ ಎಪ್ಪತ್ತು ವರ್ಷ ತುಂಬಿದಾಗ ಇಲ್ಲವೆ ಇಪ್ಪತ್ತೈದು ವರ್ಷ ಅದನ್ನು ಹೊಂದಿದ್ದಾಗ, ವಾರಸುದಾರನು ತನ್ನ ಹೆಸರಿಗೆ ಪರವಾನಗಿ ಕೇಳಬಹುದು. ಕೇಳಲೇಬೇಕೆಂದು ನಿಯಮವಿಲ್ಲ. ಪರವಾನಗಿಯನ್ನು ಹಿಂದಿರುಗಿಸಿ, ಆಯುಧವನ್ನು ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಒಪ್ಪಿಸಿ ರಶೀದಿ ಪಡೆಯಬಹುದು. ಮನೆಯಲ್ಲಿ ಮನಸ್ಸು ಸರಿಯಿಲ್ಲದವರು, ಕುಡಿತಕ್ಕೆ ಬಿದ್ದವರು, ಸಾಲದಲ್ಲಿ ಮುಳುಗಿದವರು, ಹರೆಯದ ಮಕ್ಕಳು ಇದ್ದರೆ ಈ ಕೆಲಸಕ್ಕೆ ಮುಂದಿನ ಚುನಾವಣೆಯವರೆಗೆ ಕಾಯುವುದು ಬೇಡ, ಈ ವಾರವೇ ಆಗಲಿ. ಹೋಗುವಾಗ ತೋಟೆಗಳನ್ನು ಬೇರೆಯಾಗಿ ಕಟ್ಟಿಕೊಂಡು ಹೋಗಬೇಕು. ಮರಳಿ ಬರುವಾಗ ಹಿತ್ತಲ ಬಾಗಿಲಿಗೆ ಹೊಸದೊಂದು ಅಗುಳಿಯನ್ನು ತರುವುದನ್ನು ಮರೆಯಬಾರದು.